ಚಹಾದಲ್ಲಿ ಅದ್ದದ ಬಟ್ಟೆ

ಆ ಬಟ್ಟೆಗೆ ನಾನು ಕೊಟ್ಟದ್ದು ಹನ್ನೊಂದು ರೂಪಾಯಿ. ಸೋಲಾಪುರದಲ್ಲಿ ಅರವತ್ತು ಹೇಳಿದರೂ ಕೊಳ್ಳುವವರಿದ್ದರು. ನಕಲಿ ಎಂದುಕೊಂಡು ಹನ್ನೊಂದಕ್ಕೆ ಇಳಿಸಿದ್ದೆ. ಕೊಟ್ಟವಳ ಕೈ ಇಂದಿಗೂ ಕಣ್ಣ ಮುಂದಿದೆ: ತೋಳಿನವರೆಗೂ ಹಳದಿಗಟ್ಟಿದ ಬಳೆಗಳು, ಸೂಜಿ ಚುಚ್ಚಿ ಚುಚ್ಚಿ ಜರಡಿಯಂತಾದ ತೋರುಬೆರಳು.

ಹುಮನಾಬಾದಿನ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಗಂಟು ಬಿಚ್ಚಿ ಕೂಡುತ್ತಿದ್ದ ಲಂಬಾಣಿ ಮುದುಕಿ ಅವಳು. ಅವರ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ. ಹಾಗೆ ಕರೆದರೆ ಎರಡು ರೂಪಾಯಿ ಇಳಿದೀತೆಂಬ ಆಸೆಯೂ ಇತ್ತು, ಸುಳ್ಳೇಕೆ ಹೇಳಲಿ. ಎಪ್ಪತ್ತರ ದಶಕದಲ್ಲಿ ವಾರಕ್ಕೊಮ್ಮೆ ಬಸವಕಲ್ಯಾಣದಿಂದ ಹೋಗಿ ಅವಳ ಕನ್ನಡಿ ಕಸೂತಿ ತಂದು ಸೋಲಾಪುರದ ಅಂಗಡಿಗಳಿಗೆ ಹಾಕುತ್ತಿದ್ದೆ. ತಲೆಮೇಲೆ ಬಳೆ ಹೊತ್ತು ಮಾರುತ್ತಿದ್ದ ನಾನು ಸ್ವಂತ ಅಂಗಡಿ ಇಟ್ಟದ್ದು ಅವಳ ಸೂಜಿಯಿಂದ.

ಮಾಲು ನೋಡುವುದನ್ನು ಕಲಿಸಿದವಳೂ ಅವಳೇ. "ಮುಂದ ಏನ್ ನೋಡ್ತಿ ಸೇಠ? ಹಿಂದ ತಿರುವಿ ನೋಡು. ಮುಂದ ಎಲ್ಲಾರೂ ಛಲೋನ ಕಾಣ್ತಾರ." ಹೊಸದರ ಹಿಂದಿನ ದಾರದ ಗಂಟುಗಳು ಬೆರಳಿಗೆ ತಾಗುತ್ತವೆ, ಹಳೆಯದರವು ಸವೆದು ನುಣುಪಾಗಿರುತ್ತವೆ.

ನಾನು ಅವಳಿಗೆ ಕಲಿಸಿದ್ದು ಒಂದೇ: ಪಟ್ಟಣದವರು ಹಳೆಯದಕ್ಕೆ ಎರಡು ಪಟ್ಟು ಕೊಡುತ್ತಾರೆ. ಮರುವಾರವೇ ಗಂಟಿನ ತುಂಬ ಕಂದಿದ ಬಟ್ಟೆಗಳು. ತಿರುವಿದೆ, ಮೂಸಿದೆ. ಚಹಾದ ವಾಸನೆ. ಹಳೆಯದಾಗಿ ಕಾಣಲೆಂದು ಅದ್ದಿ ತಂದಿದ್ದಳು.

"ಸಕ್ಕರಿ ಹಾಕಿಯೋ ಇಲ್ಲೋ ಯಾಡಿ?"

"ಹಾಕಿದ್ರ ಇರಿವಿ ಬರ್ತಾವಲ್ಲೋ" ಎಂದು ನಕ್ಕಳು. ಅಂದಿನಿಂದ ಚಹಾದ ಮಾಲಿಗೆ ಹನ್ನೊಂದು ರೂಪಾಯಿ ಎಂದು ನಮ್ಮಿಬ್ಬರಲ್ಲಿ ರೂಢಿಯಾಯಿತು.

ಒಂದು ಬಟ್ಟೆಯನ್ನು ಮಾತ್ರ ಸತ್ತರೂ ಮಾರುವುದಿಲ್ಲ ಎನ್ನುತ್ತಿದ್ದಳು. ಕೊಡ ಹೊತ್ತಾಗ ತಲೆಯ ಹಿಂದೆ ಇಳಿಬೀಳುವಂಥದ್ದು, ಅವಳ ಮದುವೆಗೆ ತಾಯಿ ಹೊಲಿದದ್ದು. ಕೆಂಪು ದಾರ ತೀರಿ ಒಂದು ಮೂಲೆಯನ್ನು ಹಸಿರಿನಲ್ಲಿ ಮುಗಿಸಿದ್ದಳಂತೆ. ಮೊಮ್ಮಗಳು ಅದನ್ನೇ ತಲೆಗೆ ಹಾಕಿಕೊಂಡು ಗಂಡನ ಮನೆಗೆ ಹೋಗಬೇಕೆಂಬುದು ಅವಳ ಹಟ. ಎಷ್ಟು ಕೇಳಿದರೂ ನನಗೆ ತೋರಿಸಿರಲಿಲ್ಲ.

ಅವತ್ತು ನನ್ನ ಬಸ್ಸು ಹೊರಡುವುದರಲ್ಲಿತ್ತು. ಕೆಮ್ಮುತ್ತ ಬಂದು ಕಿಟಕಿಯೊಳಗೆ ಮಡಿಚಿದ ಒಂದೇ ಬಟ್ಟೆ ಚಾಚಿದಳು. "ಮೂವತ್ತು ಕೊಡು ಸೇಠ. ಬೀದರಿಗೆ ದವಾಖಾನಿಗಿ ಹೋಗಬೇಕಾಗ್ಯದ."

ರೋಗದ ಮಾತು ಮಾರುವವರ ಹಳೆಯ ಪಟ್ಟು ಎಂದುಕೊಂಡೆ. "ಮತ್ತ ಛಾದಾಗ ಅದ್ದಿಯೇನು?" ಎಂದೆ. ಅವಳು ಸುಮ್ಮನಾದಳು. ಎದುರಿನವರು ಸುಮ್ಮನಾದರೆ ಗೆದ್ದಂತೆ ಎಂಬುದು ನನ್ನ ವ್ಯಾಪಾರದ ಪಾಠ. ಕಂಡಕ್ಟರ್ ಸೀಟಿ ಊದಿದ. ಹನ್ನೊಂದು ಅಂಗೈಯಲ್ಲಿಟ್ಟೆ. ಎಣಿಸದೆ ಮುಷ್ಟಿ ಕಟ್ಟಿದಳು.

ದಾರಿಯಲ್ಲಿನ ರಾಜೇಶ್ವರ ಎಂಬ ಊರು ಬರುವ ಹೊತ್ತಿಗೆ ಬಟ್ಟೆ ಬಿಡಿಸಿ ತಿರುವಿದೆ. ಗಂಟುಗಳು ನುಣುಪಾಗಿದ್ದವು. ವಾಸನೆ ಚಹಾದ್ದಲ್ಲ, ಪೆಟ್ಟಿಗೆಯಲ್ಲಿಟ್ಟ ಬೇವಿನೆಲೆಯದು. ಒಂದು ಮೂಲೆ ಹಸಿರಾಗಿತ್ತು.

ಬಸ್ಸು ನಿಂತಿತು. ಎದುರಿಗೆ ಹುಮನಾಬಾದಿಗೆ ಹೋಗುವ ಬಸ್ಸೂ ನಿಂತಿತ್ತು. ಮುಂದಿನ ವಾರ ಹೋಗುವುದು ಇದ್ದೇ ಇದೆ, ಎರಡು ಟಿಕೀಟು ದಂಡ ಯಾಕೆ ಎಂದು ಕೂತೇ ಇದ್ದೆ.

ಮುಂದಿನ ವಾರ ಮರದ ಕೆಳಗೆ ಮೊಮ್ಮಗಳು ಕೂತಿದ್ದಳು. ಹಣ ಸಾಲದೆ ಮುದುಕಿ ಬೀದರಿಗೆ ಹೋಗಲೇ ಇಲ್ಲವಂತೆ. ಮೂರನೆಯ ದಿನ ತೀರಿಕೊಂಡಳಂತೆ. ಆ ಬಟ್ಟೆ ಅಸಲಿ ಎಂದು ನನಗೇಕೆ ಹೇಳಲಿಲ್ಲ ಎಂದೆ.

"ನಾನೂ ಕೇಳಿದ್ನಿ" ಎಂದಳು ಹುಡುಗಿ ತಲೆ ಎತ್ತದೆ. "ಹತ್ತು ಸಲ ಸುಳ್ಳು ಹೇಳೀನಿ, ಈಗ ಖರೇ ಅಂದ್ರ ನಂಬ್ತಾನೇನು ಅಂದ್ಳು. ತಿರುವಿ ನೋಡೂದು ನಾನೇ ಕಲಿಸೀನಿ, ನೋಡ್ತಾನ ಅಂದ್ಕೊಂಡಿದ್ದೆ, ಅಂದ್ಳು."

ಬಟ್ಟೆಯನ್ನು ಅವಳ ಮುಂದಿಟ್ಟೆ. ತಿರುವಿ, ಹಸಿರು ಮೂಲೆ ಇದೆಯೋ ಇಲ್ಲವೋ ನೋಡಿಕೊಂಡು, ಗಂಟಿನೊಳಗೆ ಸೇರಿಸಿದಳು. ನನ್ನ ಕಡೆ ನೋಡಲಿಲ್ಲ.

ನೀವು ಈ ಕಡೆ ಬಂದರೆ ತಾಂಡಾದ ಲಂಬಾಣಿಗಳ ಕಸೂತಿ ಕೊಳ್ಳಿ. ಚೌಕಾಸಿ ಬೇಡವೆನ್ನುವುದಿಲ್ಲ, ಅದನ್ನೂ ಸೇರಿಸಿಯೇ ಅವರು ಬೆಲೆ ಹೇಳಿರುತ್ತಾರೆ. ಆದರೆ ಹೊರಡುವ ಬಸ್ಸಿನ ಕಿಟಕಿಯಿಂದ ಕೊಳ್ಳಬೇಡಿ. ತಿರುವಿ ನೋಡುವ ಮೊದಲು ಬಾಯಿ ಬಿಡಬೇಡಿ. ಮಾರುವವಳು ಸುಮ್ಮನಾದರೆ ಬೆಲೆಯ ಮಾತು ನಿಲ್ಲಿಸಿ, ಏನಾಯಿತೆಂದು ಕೇಳಿ. ಕೇಳದೆ ಹೊರಟುಬಿಟ್ಟಿದ್ದರೆ, ರಾಜೇಶ್ವರದಲ್ಲಿ ಬಸ್ಸು ನಿಲ್ಲುತ್ತದೆ. ಇಳಿಯಿರಿ.