ಚಿನ್ನದ ಕಾನೂನು ಬಂದ ವರ್ಷ

ಮೊನ್ನೆ ನೆರೆಮನೆಯವರು ಹಿತ್ತಿಲಲ್ಲಿ ಉಮಿ ಸುಡುತ್ತಿದ್ದರು. ಹೊಗೆ ಕಿಟಕಿಯೊಳಗೆ ಬಂದದ್ದೇ ತಡ, ಮೂಡುಬಿದಿರೆಯಲ್ಲಿ ನಮ್ಮ ಮನೆ ಎದುರಿಗಿದ್ದ ಆಚಾರ್ರು ಕಣ್ಣಮುಂದೆ ಬಂದರು. ಚಿನ್ನದ ಕೆಲಸದವರು. ಉಮಿಕೆಂಡದ ಮಡಕೆ ಮುಂದಿಟ್ಟುಕೊಂಡು ಊದುಕೊಳವೆ ಬಾಯಿಗಿಟ್ಟರೆಂದರೆ ಬೀದಿಯಲ್ಲಿ ಏನಾದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕಿವಿ ಚುಚ್ಚಿದ್ದೂ ಅವರೇ...

ಬೆಳ್ತಂಗಡಿ ಕಡೆಯ ಮನೆಗೆ ನನ್ನ ಮದುವೆ ನಿಶ್ಚಯವಾದ ವರ್ಷವೇ ಚಿನ್ನದ ಕಾನೂನು ಬಂತು. ಜನ ಚಿನ್ನ ಕೊಳ್ಳುವುದು ಕಡಿಮೆಯಾದರೆ ಹೊರದೇಶಕ್ಕೆ ಹೋಗುವ ಹಣ ಉಳಿಯುತ್ತದೆ, ಅದರಿಂದ ಯಂತ್ರ ತರಬಹುದು, ಕಾರ್ಖಾನೆ ಕಟ್ಟಬಹುದು ಎಂದು ರೇಡಿಯೊದಲ್ಲಿ ಹೇಳಿದರು. ಹೊಸ ಒಡವೆ ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿರಬಾರದು. ಅಷ್ಟರಲ್ಲಿ ಅಜ್ಜಿಯ ಅಪ್ಪಟ ಚಿನ್ನದ ಬಳೆಗಳು ನನ್ನ ಮೊಗ್ಗಿನ ಸರಕ್ಕಾಗಿ ಆಚಾರ್ರ ಮೂಸೆಯಲ್ಲಿ ಕರಗಿ ಆಗಿತ್ತು.

ಅಪ್ಪ ಹೋಗಿ, "ಅರ್ಧ ಆದದ್ದನ್ನು ಮುಗಿಸಿ ಕೊಡಿ ಆಚಾರ್ರೇ. ಬೀಗರಿಗೆ ಮಾತು ಕೊಟ್ಟಾಗಿದೆ" ಎಂದರು.

ಆಚಾರ್ರ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದರು. "ಬೇಡ. ಸಿಕ್ಕಿಬಿದ್ದರೆ ಮಕ್ಕಳನ್ನು ಕಟ್ಟಿಕೊಂಡು ನಾವು ಎಲ್ಲಿಗೆ ಹೋಗುವುದು?"

ಆಚಾರ್ರು ಮೂಸೆಯನ್ನೊಮ್ಮೆ, ಅಪ್ಪನ ಮುಖವನ್ನೊಮ್ಮೆ ನೋಡಿದರು. ಕೊನೆಗೆ, "ಮಾಡಿ ಕೊಡ್ತೇನೆ" ಎಂದರು.

ಆಮೇಲೆ ಅವರ ಬಾಗಿಲು ಅರ್ಧ ಮುಚ್ಚಿಯೇ ಇರುತ್ತಿತ್ತು. ಸುತ್ತಿಗೆಯ ಸದ್ದು ಕೇಳಿಸದ ಹಾಗೆ ಕೆಳಗೆ ಗೋಣಿ ಹಾಸಿದ್ದರು. ಬಸ್‌ಸ್ಟ್ಯಾಂಡಿನ ಕಡೆಯಿಂದ ಜೀಪಿನ ಸದ್ದು ಕೇಳಿದರೆ ಅಲ್ಲಿ ಕೆಲಸ ನಿಲ್ಲುತ್ತಿತ್ತು, ಇಲ್ಲಿ ಅಮ್ಮನ ಮಾತು ನಿಲ್ಲುತ್ತಿತ್ತು.

ಸರದ ಉದ್ದ ನೋಡಲು ಅಮ್ಮನ ಜತೆ ನಾನು ಹೋಗಿದ್ದ ದಿನವೇ ತಪಾಸಣೆಯವರ ಜೀಪು ಬಂದು ಬಾಗಿಲಲ್ಲಿ ನಿಂತಿತು. ಅಮ್ಮ ಸರವನ್ನು ನನ್ನ ಕೊರಳಿಗೆ ಹಾಕಿ ಮೇಲೆ ಸೆರಗು ಎಳೆದರು. ಕೊಂಡಿ ಇನ್ನೂ ಕೂಡಿಸಿರಲಿಲ್ಲ, ಹಿಂದೆ ನೂಲು ಕಟ್ಟಿತ್ತು. ಇಬ್ಬರು ಅಧಿಕಾರಿಗಳು ಒಳಬಂದು ಪೆಟ್ಟಿಗೆಗಳನ್ನು ಮಗುಚಿದರು, ಉಮಿಯ ಬೂದಿಯನ್ನೂ ಕೆದಕಿದರು. ಏನೂ ಸಿಗಲಿಲ್ಲ. ಅವರಲ್ಲಿ ಹಿರಿಯವರು ಹೊರಟವರು, ನನ್ನ ಸೆರಗಿನಂಚಿನಲ್ಲಿ ಇಣುಕಿದ ಸರ ನೋಡಿ ನಿಂತರು.

"ಕೊರಳಲ್ಲಿರುವುದು ಹಳೆಯದೋ, ಹೊಸದೋ?"

ಹಳೆಯದು ಎಂದರೆ ಮುಗಿಯುತ್ತಿತ್ತು. ಅಮ್ಮ ನನ್ನ ಮಣಿಕಟ್ಟನ್ನು ಹಿಡಿದು ಅದುಮುತ್ತಿದ್ದರು. ನನ್ನ ನಾಲಿಗೆ ಏಳಲಿಲ್ಲ. ಅಧಿಕಾರಿ ಇನ್ನೊಂದು ಸಲ ಕೇಳಿದರು. ಆಗ ಆಚಾರ್ರು ಎದ್ದು ನಿಂತರು.

"ಅವಳನ್ನು ಕೇಳಬೇಡಿ. ಮಾಡಿದ್ದು ನಾನು. ಯಾರೂ ಹೇಳಿ ಮಾಡಿಸಿದ್ದಲ್ಲ."

ನೂಲು ಬಿಚ್ಚಿ ಸರವನ್ನು ಅವರೇ ಅಧಿಕಾರಿಯ ಕೈಗೆ ಕೊಟ್ಟರು. ಸರದೊಂದಿಗೆ ಅವರ ತಕ್ಕಡಿ, ಅಚ್ಚುಗಳು, ಊದುಕೊಳವೆ ಎಲ್ಲ ಜೀಪಿಗೆ ಹೋದವು. ಅವರ ಹೆಂಡತಿ ಅಳಲಿಲ್ಲ, ನಮ್ಮ ಮುಖ ನೋಡಲೂ ಇಲ್ಲ. ಸಂಜೆ ಅಪ್ಪ ಅವರ ಜಗಲಿಯ ತನಕ ಹೋಗಿ, ಒಳಗೆ ಕಾಲಿಡಲಾಗದೆ ತಿರುಗಿ ಬಂದರು.

ಅಮ್ಮನ ಸವೆದ ಸರ ಹಾಕಿಕೊಂಡು ನಾನು ಧಾರೆಗೆ ಕೂತೆ. ಬೀಗರ ಕಡೆಯವರು ಒಡವೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ನಾವು ಅಷ್ಟು ಹೆದರಿದ್ದು ಯಾತಕ್ಕೋ...

ಆಚಾರ್ರು ಸಂಸಾರ ಕಟ್ಟಿಕೊಂಡು ಬಂಟ್ವಾಳದ ಕಡೆಗೆ ಹೋದರು, ಅಲ್ಲಿ ಹೆಂಚಿನ ಕಾರ್ಖಾನೆಗೆ ಸೇರಿದರು. ಕೆಲವು ವರ್ಷ ಕಳೆದು ಕಾನೂನು ಸಡಿಲವಾಯಿತು. ಅದಾದ ಮೇಲೊಮ್ಮೆ, ಬಂಟ್ವಾಳದಲ್ಲಿ ಬಸ್ಸು ಬದಲಿಸಲು ನಿಂತಿದ್ದಾಗ ಅವರೇ ಎದುರು ಬಂದರು.

"ಈಗ ಪುನಃ ಕೆಲಸಕ್ಕೆ ಕೂರಬಹುದಲ್ಲ?" ಎಂದು ಕೇಳಿದೆ.

ಅವರು ಅಂಗೈ ಬಿಡಿಸಿ ತೋರಿಸಿದರು. ಬಿರುಕುಗಳಲ್ಲಿ ಕೆಂಪು ಮಣ್ಣು ಕೂತಿತ್ತು. "ಸಣ್ಣ ಕೆಲಸಕ್ಕೆ ಈ ಬೆರಳು ಇನ್ನು ಬಗ್ಗುವುದಿಲ್ಲ ಮಗಾ. ಅಪ್ಪ ಸೌಖ್ಯ ಉಂಟಾ?"

ಸೌಖ್ಯ ಎಂದೆ. ಅಷ್ಟರಲ್ಲಿ ಬೆಳ್ತಂಗಡಿಯ ಬಸ್ಸು ಬಂತು.

ರೇಡಿಯೊದಲ್ಲಿ ಹೇಳಿದ ಕಾರ್ಖಾನೆಗಳು ಬಂದವು. ನನ್ನ ಗಂಡನಿಗೆ ಅಂಥದ್ದೊಂದರಲ್ಲೇ ಕೆಲಸ ಸಿಕ್ಕಿತು, ನಮ್ಮ ಮಕ್ಕಳು ಆ ಸಂಬಳದಲ್ಲೇ ಬೆಳೆದರು. ಆಚಾರ್ರು ತೀರಿಹೋದದ್ದು ನನಗೆ ತಿಳಿದದ್ದು ಎಷ್ಟೋ ಸಮಯದ ನಂತರ, ಯಾರದೋ ಮದುವೆಯ ಊಟದ ಪಂಕ್ತಿಯಲ್ಲಿ, ಬೇರೇನೋ ಮಾತಿನ ನಡುವೆ. ಅವರ ಮಕ್ಕಳು ಎಲ್ಲಿದ್ದಾರೆಂದು ಈಗ ಹೇಳುವವರೂ ಇಲ್ಲ. ಅವತ್ತು ನನ್ನ ಬದಲಿಗೆ ಮಾತಾಡಿದವರ ಹತ್ತಿರ, ಬಸ್ಸು ಬರುವ ಮೊದಲು, ನಾನು ಒಂದು ಮಾತು ಆಡಬೇಕಿತ್ತು... ಅದು ನನ್ನಲ್ಲೇ ಉಳಿಯಿತು.