ತವರಿನ ಚಗಳಿ

ಇರುವೆಯ ಬೆನ್ನೇರಿ ಹಾರುವ ಮನುಷ್ಯನನ್ನು ಕಂಡು ಜವರಮ್ಮ ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಅವರ ಮೊಮ್ಮಗಳು ಅರ್ಚನಾ ಚಿಕ್ಕಮಗಳೂರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕಳೆದ ಸಂಕ್ರಾಂತಿಗೆ ಬಂದವಳು ಅಜ್ಜಿಗೆ ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಸಿನಿಮಾ ಹಾಕಿಕೊಟ್ಟಿದ್ದಳು. ಅದರಲ್ಲಿ ಒಬ್ಬ ಇರುವೆಯಷ್ಟು ಚಿಕ್ಕವನಾಗುತ್ತಾನೆ, ತಲೆಗೊಂದು ಟೋಪಿ ಹಾಕಿಕೊಂಡು ಇರುವೆಗಳಿಗೆಲ್ಲ ಹುಕುಂ ಕೊಡುತ್ತಾನೆ, ರೆಕ್ಕೆಯ ಇರುವೆಯೊಂದನ್ನು ಸ್ಕೂಟರಿನ ಹಾಗೆ ಏರಿಕೊಂಡು ಊರೆಲ್ಲ ಸುತ್ತುತ್ತಾನೆ.

"ಇವ್ನ್ಯಾರು ಮಾರಾಯ್ರೆ, ದಿನಾ ಹಾರ್ತಾನಲ್ಲ!" ಅಂದರು ಜವರಮ್ಮ. "ಇರುವೆಗೆ ರೆಕ್ಕೆ ಇರೋದು ಒಂದ್ ಸಲ ಹಾರೋಕೆ. ಮೊದಲ ಮಳೆ ಬಿದ್ದ ಬೆಳಿಗ್ಗೆ ಹಾರಿ ಉದುರಿಸ್ಕೊಳ್ತಾವೆ. ಮಾರನೇ ದಿನ ಇವ್ನು ನಡ್ಕೊಂಡೇ ಹೋಗ್ಬೇಕು. ಅದೂ ಅಲ್ದೆ ಹುಕುಂ ಕೊಡ್ತಾನಂತೆ! ನಮ್ ತೋಟದ ಮೇಸ್ತ್ರಿ ಮಾತು ನಾವೇ ಕೇಳಲ್ಲ, ಚಗಳಿ ಕೇಳ್ತದಾ?"

ನಾನು ಅಲ್ಲಿಗೆ ಹೋಗಿದ್ದು ಅಕ್ಕಿರೊಟ್ಟಿಯ ಆಸೆಗೆ. ಕಳಸದ ಹತ್ತಿರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಶಾಲೆ ಬಿಟ್ಟರೂ ಪಾಠ ಮಾಡುವ ಚಟ ಬಿಟ್ಟಿಲ್ಲ. ಸಿನಿಮಾ ಅರ್ಧಕ್ಕೆ ನಿಲ್ಲಿಸಿ ಶುರುಮಾಡಿದೆ. ದುಡಿಯುವ ಇರುವೆಗಳೆಲ್ಲ ಹೆಣ್ಣು, ಅವಕ್ಕೆ ರೆಕ್ಕೆಯೇ ಇಲ್ಲ. ರೆಕ್ಕೆ ಇರುವುದು ಗಂಡುಗಳಿಗೂ ಮದುವೆಗೆ ಹೊರಟ ರಾಣಿಗಳಿಗೂ ಮಾತ್ರ. ಗಂಡು ಹಾರಿದ ಮೇಲೆ ಹೆಚ್ಚು ದಿನ ಬದುಕುವುದಿಲ್ಲ. ಇರುವೆ ತನ್ನ ತೂಕದ ಎಷ್ಟೋ ಪಟ್ಟು ಎತ್ತುವುದು ನಿಜ, ಆದರೆ ಅದು ಚಿಕ್ಕದಾಗಿರುವುದರಿಂದಲೇ. ಅದನ್ನು ಸಿನಿಮಾದಲ್ಲಿ ತೋರಿಸಿದ ಹಾಗೆ ನಾಯಿಯಷ್ಟು ದೊಡ್ಡದು ಮಾಡಿದರೆ ತನ್ನ ಮೈಯನ್ನೇ ಹೊರಲಾರದೆ ಕುಸಿದು ಬೀಳುತ್ತದೆ.

"ಗಂಡುಗಳು ಏನೂ ದುಡಿಯಲ್ವಂತೆ, ಕೇಳಿಸ್ತಾ?" ಎಂದು ಜವರಮ್ಮ ಜಗಲಿಯ ಕಡೆ ಕೂಗಿದರು. ಅಲ್ಲಿ ಎಲೆಯಡಿಕೆ ಹಾಕುತ್ತಿದ್ದ ಅವರ ಗಂಡ ಭೂತಯ್ಯ, "ಕೇಳಿಸ್ತು, ಕೇಳಿಸ್ತು" ಎಂದರು.

ಜವರಮ್ಮನ ಹತ್ತಿರ ಇರುವೆಯ ಪಾಠ ಮಾಡುವುದೇ ಒಂದು ಉದ್ಧಟತನ. ಎಸ್ಟೇಟಿನಲ್ಲಿ ನಲವತ್ತು ವರ್ಷ ಅವರು ಮಾಡಿದ್ದೇ ಆ ಕೆಲಸ. ನಮ್ಮಲ್ಲಿ ಕಾಫಿ ಗಿಡದ ಎಲೆಗಳನ್ನು ಸೇರಿಸಿ ಗೂಡು ಕಟ್ಟುವ ಕೆಂಪು ಇರುವೆಗೆ ಚಗಳಿ ಅನ್ನುತ್ತೇವೆ. ಹಣ್ಣು ಕುಯ್ಯುವ ಹೆಂಗಸರು ಗೊತ್ತಿಲ್ಲದೆ ಗೂಡಿಗೆ ಕೈಹಾಕಿದರೆ ಮುಗಿಯಿತು, ಸೀರೆ ಕೊಡವಿಕೊಂಡು ಕುಣಿಯಬೇಕು. ಅದಕ್ಕೇ ಕುಯ್ಲಿನ ಗುಂಪಿಗಿಂತ ಒಂದು ಸಾಲು ಮುಂದೆ ಜವರಮ್ಮ ನಡೆಯುತ್ತಿದ್ದರು. ಮೊಣಕೈವರೆಗೆ ಬೂದಿ, ಸೊಂಟಕ್ಕೆ ಗೋಣಿತಾಟು, ಕೈಯಲ್ಲಿ ಕತ್ತಿ. ಗೂಡನ್ನು ಕೊಂಬೆಯ ಸಮೇತ ಕೊಯ್ದು ಚೀಲಕ್ಕೆ ಇಳಿಸಿ ಬಾಯಿ ಕಟ್ಟುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಒಳಗಿನ ಚಗಳಿ ಬಾಣಲೆಯಲ್ಲಿ ಹುರಿದು, ಬೆಳ್ಳುಳ್ಳಿ ಸೂಜಿಮೆಣಸು ಕಾಯಿತುರಿಯ ಜೊತೆ ಅರೆದು, ಹುಳಿಹುಳಿಯಾದ ಚಟ್ನಿಯಾಗುತ್ತಿತ್ತು. ನೆಗಡಿಗೆ ಅದರಂಥ ಮದ್ದಿಲ್ಲ. ನಾನು ಈ ಊರಿಗೆ ಬಂದ ವರ್ಷ ಹೆಸರು ಕೇಳಿಯೇ ಮೂಗು ಮುರಿದಿದ್ದೆ. ಆಮೇಲೆ ನೆಗಡಿ ಇಲ್ಲದಿದ್ದರೂ ಕೆಮ್ಮುತ್ತ ಹೋಗುತ್ತಿದ್ದೆ.

ಆದರೆ ಎಷ್ಟು ಹೊಗಳಿದರೂ ಜವರಮ್ಮ ಒಂದು ಕೊರತೆ ಹೇಳದೆ ಇರುತ್ತಿರಲಿಲ್ಲ. "ಇದು ಇಲ್ಲಿಯ ಚಗಳಿ. ನಮ್ಮ ವಸ್ತಾರೆಯದ್ದು ನೀವು ತಿಂದಿಲ್ಲ." ವಸ್ತಾರೆ ಅವರ ತವರು. ಅಲ್ಲಿ ಮನೆಯ ಹಿಂದೆ ಒಂದು ಮಾವಿನ ಮರ, ಮರದ ತುಂಬ ಚಗಳಿ. ಆ ಮರದ ಚಗಳಿ ಮನೆಯ ಹೆಣ್ಣುಮಕ್ಕಳನ್ನು ಕಚ್ಚುವುದಿಲ್ಲ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಕಚ್ಚಿದ್ದು ತನಗೆ ನೆನಪೇ ಇಲ್ಲ ಎನ್ನುತ್ತಿದ್ದರು ಜವರಮ್ಮ.

ಹತ್ತೊಂಬತ್ತಕ್ಕೆ ಮದುವೆಯಾಗಿ ಎಸ್ಟೇಟಿನ ಆಳುಗಳ ಈ ಲೈನ್ ಮನೆಗೆ ಬಂದರು. ಮೊದಲ ಸಲ ತವರಿಗೆ ಹೋಗಿ ಹಿಂತಿರುಗುವಾಗ ಮಡಿಲಕ್ಕಿಯ ಜೊತೆಗೆ ಒಂದು ಚಗಳಿ ಗೂಡನ್ನೂ ತಂದರು. ಬೇರೆ ಹೆಣ್ಣುಮಕ್ಕಳು ತವರಿನಿಂದ ಮಲ್ಲಿಗೆ ಬಳ್ಳಿ ತರುತ್ತಾರೆ, ಹಸುವಿನ ಕರು ತರುತ್ತಾರೆ. ಇವರು ಬುಟ್ಟಿಗೆ ಬಟ್ಟೆ ಕಟ್ಟಿ ಇರುವೆ ತಂದರು. ಬಾಳೆಹೊನ್ನೂರು ದಾಟುವಷ್ಟರಲ್ಲಿ ಬಟ್ಟೆ ಸಡಿಲವಾಗಿ ಬಸ್ಸಿನ ತುಂಬ ಚಗಳಿ. ಕಂಡಕ್ಟರು ಸೀಟಿನ ಮೇಲೆ ನಿಂತು ಕೂಗಾಡಿದನಂತೆ. ಮದುಮಗ ಭೂತಯ್ಯ ಬುಟ್ಟಿಯೂ ಹೆಂಡತಿಯೂ ತನಗೆ ಸೇರಿದ್ದಲ್ಲ ಅನ್ನುವ ಹಾಗೆ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರಂತೆ. ಈ ಕತೆಯನ್ನು ನಾನು ಇಪ್ಪತ್ತು ಸಲವಾದರೂ ಕೇಳಿದ್ದೇನೆ, ಇಪ್ಪತ್ತು ಸಲವೂ ನಕ್ಕಿದ್ದೇನೆ.

ಉಳಿದವುಗಳನ್ನು ಲೈನಿನ ಹಿಂದಿನ ಹಲಸಿನ ಮರಕ್ಕೆ ಕಟ್ಟಿದರು. ನಾಲ್ಕು ತಿಂಗಳಲ್ಲಿ ಮರ ಖಾಲಿಯಾಯಿತು. ಕೆಲವು ವರ್ಷ ಬಿಟ್ಟು ಮತ್ತೊಂದು ಗೂಡು ತಂದಾಗ ಅದೇ ಮರಕ್ಕೆ ತೋಟದ ಚಗಳಿ ಬಂದು ಸೇರಿಕೊಂಡಿತ್ತು. ಎಲ್ಲ ಒಂದೇ ಜಾತಿಯವು, ಒಟ್ಟಿಗಿರಲಿ ಎಂದು ಪಕ್ಕಪಕ್ಕದಲ್ಲೇ ಕಟ್ಟಿದರು. ಎರಡು ದಿನ ಯುದ್ಧ. ಮರದ ಬುಡದಲ್ಲಿ ಸತ್ತ ಇರುವೆಗಳನ್ನು ಗುಡಿಸಿ ರಾಶಿ ಹಾಕಿದರಂತೆ. ಮೂರನೆಯ ಸಲ, ಮರ ಖಾಲಿಯಿದೆಯೆಂದು ನೋಡಿಕೊಂಡು ತಂದು ಕಟ್ಟಿದರು. ಬೆಲ್ಲದ ನೀರು, ಒಣಮೀನಿನ ಚೂರು ಇಟ್ಟು ಸಾಕಿದರು. ಅದೂ ಉಳಿಯಲಿಲ್ಲ.

ಆಗ ನಾನು ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಜವರಮ್ಮ ಶಾಲೆಯ ಮೆಟ್ಟಿಲ ಹತ್ತಿರ ನಿಂತು ಕೇಳಿದರು.

"ಮೇಷ್ಟ್ರೇ, ಓದಿದೋರು ನೀವು. ನಮ್ಮೂರಿನ ಚಗಳಿ ಇಲ್ಲಿ ಯಾಕೆ ನಿಲ್ಲಲ್ಲ? ಕೊನೆಕೊನೆಗೆ ಬರೀ ಕಪ್ಪು ರೆಕ್ಕೆಯವು ಹುಟ್ತಾವೆ, ಆಮೇಲೆ ಏನೂ ಇಲ್ಲ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ, ಹೊಸ ಮೇಷ್ಟ್ರು ನೋಡಿ. "ಕಳಸದ ಮಳೆ ಅವಕ್ಕೆ ಒಗ್ಗಲ್ಲ ಜವರಮ್ಮ. ಎಷ್ಟು ಸಲ ತಂದ್ರೂ ಅಷ್ಟೇ" ಎಂದೆ. ಅವರು ತಲೆಯಾಡಿಸಿ ಹೋದರು. ಮತ್ತೆ ತರಲಿಲ್ಲ.

ಸಂಕ್ರಾಂತಿಯ ಸಿನಿಮಾ ಮುಗಿದ ಮೇಲೆ ಅರ್ಚನಾಳ ಮುಂದೆ ಇನ್ನಷ್ಟು ಹೆಚ್ಚುಗಾರಿಕೆ ತೋರಿಸಬೇಕೆಂದು ನಾನು ಚಗಳಿಯ ಬಗ್ಗೆ ಹುಡುಕಿ ಓದತೊಡಗಿದೆ. ಎಲೆ ಹೊಲಿಯುವ ದಾರ ದೊಡ್ಡ ಇರುವೆಯದಲ್ಲ, ಮರಿಹುಳುವಿನದು. ಕೆಲವು ಇರುವೆಗಳು ಎಲೆಯಂಚನ್ನು ಎಳೆದು ಹಿಡಿದರೆ ಇನ್ನು ಕೆಲವು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಅತ್ತಿಂದಿತ್ತ ಓಡಾಡಿಸಿ ಹೊಲಿಯುತ್ತವೆ. ಓದುತ್ತ ಖುಷಿಯಾಗಿದ್ದೆ. ಮುಂದಿನ ಪುಟಕ್ಕೆ ಬಂದಾಗ ಖುಷಿ ಇಳಿದುಹೋಯಿತು. ಹತ್ತಾರು ಮರಗಳಲ್ಲಿ ನೂರು ಗೂಡುಗಳಿದ್ದರೂ ಅವೆಲ್ಲ ಒಂದೇ ಸಂಸಾರ, ಮೊಟ್ಟೆಯಿಡುವ ರಾಣಿ ಸಾಮಾನ್ಯವಾಗಿ ಒಂದೇ, ಅವಳಿರುವುದು ಒಂದೇ ಗೂಡಿನಲ್ಲಿ. ಆ ಗೂಡು ಬಿಟ್ಟು ಬೇರೆ ಯಾವುದನ್ನು ತಂದರೂ ಇದ್ದ ಇರುವೆಗಳು ಮುದಿಯಾಗಿ ಸಾಯುತ್ತವೆ. ರಾಣಿಯಿಲ್ಲದ ಇರುವೆಗಳು ಮೊಟ್ಟೆಯಿಟ್ಟರೆ ಬರೀ ಗಂಡು ಹುಟ್ಟುತ್ತವೆ. ಕಪ್ಪು ರೆಕ್ಕೆಯ ಗಂಡು.

ಉತ್ತರವನ್ನು ಜವರಮ್ಮನೇ ತಂದು ನನ್ನ ಕೈಯಲ್ಲಿಟ್ಟಿದ್ದರು. ನಾನು ಮಳೆಯ ಮೇಲೆ ಹಾಕಿ ಕಳಿಸಿದ್ದೆ.

ಇದನ್ನು ಹೇಳದೆ ಎರಡು ತಿಂಗಳು ಅಡ್ಡಾಡಿದೆ. ಅವರ ಮನೆಯ ರೊಟ್ಟಿಯೂ ಬೇಡವಾಯಿತು. ಯುಗಾದಿಯ ಮರುದಿನ ಜವರಮ್ಮ ತಾವೇ ಮನೆಗೆ ಬಂದರು. ವಸ್ತಾರೆಯಿಂದ ಅವರ ತಮ್ಮ ಗುರುವಯ್ಯನ ಫೋನು ಬಂದಿತ್ತಂತೆ. ಮಗನಿಗೆ ಹೊಸ ಮನೆ ಕಟ್ಟಲು ಜಾಗ ಸಾಲದೆ, ಹಿತ್ತಲ ಮಾವಿನ ಮರ ಕಡಿಯುತ್ತಾರಂತೆ, ಒಂದು ವಾರದಲ್ಲಿ.

"ಅವ್ವ ಹೋದಾಗ ಇಷ್ಟು ಸಂಕಟ ಆಗಿರ್ಲಿಲ್ಲ ಮೇಷ್ಟ್ರೇ" ಎಂದು ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಆ ಮರ ಇದ್ದದ್ದಕ್ಕೆ ನಂಗೆ ಊರು ಅಂತ ಒಂದಿತ್ತು."

ಆಗ ಹೇಳಿದೆ. ಆವತ್ತು ನನಗೆ ಗೊತ್ತಿರಲಿಲ್ಲ, ಗೊತ್ತಿದ್ದವನ ಹಾಗೆ ಹೇಳಿಬಿಟ್ಟೆ ಎಂದೆ. ರಾಣಿಯ ಗೂಡು ಸಿಕ್ಕಿದರೆ ಇಲ್ಲಿಯೂ ಬದುಕಿಯಾವು ಎಂದೆ.

"ಮೂವತ್ತು ವರ್ಷ," ಎಂದರು ಜವರಮ್ಮ. "ಪ್ರತಿ ವರ್ಷ ಆ ಮರದ ಕೆಳಗೆ ನಿಂತು, ಒಗ್ಗಲ್ಲ ಅಂದಿದಾರೆ ಮೇಷ್ಟ್ರು ಅಂತ ಬರೀ ಕೈಲಿ ಬಂದೆ." ಬೈದಿದ್ದರೆ ಚೆನ್ನಾಗಿತ್ತು. ಬೈಯದೆ ಎದ್ದರು. ಬಾಗಿಲ ಹತ್ತಿರ ಹೋದವರು ತಿರುಗಿ, "ನಿಮ್ ಕಾರಿಗೆ ಪೆಟ್ರೋಲ್ ಹಾಕ್ಸಿ. ನಾಳೆನೇ ಹೋಗೋದು" ಎಂದರು.

ವಸ್ತಾರೆ ತಲುಪಿದಾಗ ಸಂಜೆ. ಮರುದಿನ ಬೆಳಕು ಹರಿಯುತ್ತಲೇ, ಇರುವೆಗಳು ಚಳಿ ಬಿಟ್ಟು ಓಡಾಡುವ ಮೊದಲೇ ಮರದ ಕೆಳಗೆ ನಿಂತೆವು. ಎಣಿಸಿದರೆ ಹದಿನಾಲ್ಕು ಗೂಡು. ಯಾವುದರಲ್ಲಿ ರಾಣಿ? ಮರದ ನಡುವೆ, ಎತ್ತರದಲ್ಲಿ ಎಂದು ನಾನು ಓದಿದ್ದನ್ನು ಹೇಳಿದೆ. ಜವರಮ್ಮ ನನ್ನ ಮಾತಿಗೆ ಕಿವಿಗೊಡಲಿಲ್ಲ, ಅದಕ್ಕೆ ಕಾರಣವೂ ಇತ್ತು. ಉದ್ದ ಗಳದಿಂದ ಒಂದೊಂದೇ ಗೂಡನ್ನು ಮೆಲ್ಲಗೆ ಮುಟ್ಟುತ್ತ ನೋಡಿದರು. ಬಹಳ ಗೂಡುಗಳಿಂದ ಇರುವೆಗಳು ಹೊರಗೆ ನುಗ್ಗಿ ಗಳದ ಮೇಲೆ ಓಡಿಬಂದವು. ಒಂದರಲ್ಲಿ ಮಾತ್ರ ಹೊರಬಂದವು ಗಳಕ್ಕೆ ಬರದೆ ಗೂಡಿನ ಮೇಲೇ ಒತ್ತೊತ್ತಾಗಿ ಮುತ್ತಿಕೊಂಡವು.

"ಅದೇ" ಎಂದರು. "ಒಳಗೆ ಏನೋ ಇದೆ, ಬಿಟ್ಟು ಬರ್ತಿಲ್ಲ."

ಗುರುವಯ್ಯನ ಮಗ ಹತ್ತಿ ಕೊಂಬೆ ಸಮೇತ ಇಳಿಸಿಕೊಟ್ಟ. ಜವರಮ್ಮ ಬೂದಿ ಹಚ್ಚಿಕೊಳ್ಳಲಿಲ್ಲ. ಮನೆಮಗಳಿಗೆ ಯಾಕೆ ಬೂದಿ ಎಂದು ಬರಿಗೈಯಲ್ಲೇ ಎಲೆಯ ಅಂಚು ಬಿಡಿಸಿದರು. ಒಳಗೆ ಉಗುರಿಗಿಂತ ಉದ್ದವಾದ, ಹಸಿರು ಮಿಶ್ರಿತ ಕಂದು ಬಣ್ಣದ ರಾಣಿ, ರೆಕ್ಕೆ ಉದುರಿದ ದಪ್ಪ ಮೈ. ಒಂದು ಕ್ಷಣ ಕಂಡಳು, ಆಮೇಲೆ ಇರುವೆಗಳು ಮುಚ್ಚಿಕೊಂಡವು. ಅಷ್ಟರಲ್ಲಿ ಜವರಮ್ಮನ ಕೈ ಮೊಣಕೈವರೆಗೆ ಕೆಂಪಾಗಿತ್ತು. ಅವರು ಕೊಡವಲಿಲ್ಲ. ಗೂಡನ್ನು ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ, ಆಮೇಲೆ ಕೈ ನೋಡಿಕೊಂಡರು.

"ಗುರುತೇ ಸಿಗ್ಲಿಲ್ಲ ಮೇಷ್ಟ್ರೇ ಅವಕ್ಕೆ" ಎಂದರು. ಕಣ್ಣಲ್ಲಿ ನೀರಿತ್ತು, ಕಡಿತಕ್ಕೆ ಅಲ್ಲ.

ಇರುವೆಗಳು ಗುರುತು ಹಿಡಿಯುವುದು ಗೂಡಿನ ವಾಸನೆಯನ್ನು, ಮನುಷ್ಯರನ್ನಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಸಿಕ್ಕಿದ ಗೂಡುಗಳನ್ನೆಲ್ಲ ಹೇರಿಕೊಂಡು ಬಂದು ಹಲಸಿನ ಮರಕ್ಕೆ ಕಟ್ಟಿದೆವು. ತೋಟದ ಚಗಳಿ ಬಾರದಂತೆ ಮರಕ್ಕೆ ತಾಗುವ ಕೊಂಬೆಗಳನ್ನು ಭೂತಯ್ಯ ಸವರಿದರು. ಈ ಸಲ ಅವರು ಕಿಟಕಿಯ ಹೊರಗೆ ನೋಡಲಿಲ್ಲ. ಮೇ ತಿಂಗಳ ಹೊತ್ತಿಗೆ ಮೂರು ಹೊಸ ಗೂಡು. ಆಮೇಲೆ ಮಳೆ ಹಿಡಿಯಿತು, ಕಳಸದ ಮಳೆ. ಜುಲೈಯಲ್ಲಿ ಗೂಡುಗಳು ಕೊಳೆತು ಒಂದೊಂದಾಗಿ ಉದುರಿದವು. ಆಗಸ್ಟಿನಲ್ಲಿ ಮರದ ಮೇಲೆ ಒಂದು ಇರುವೆಯೂ ಕಾಣಲಿಲ್ಲ. ನನ್ನ ಹಳೆಯ ಸುಳ್ಳೇ ನಿಜವಾಗಿಬಿಡುತ್ತದೇನೋ ಎಂದು ನಾನು ಕೊಡೆ ಹಿಡಿದುಕೊಂಡು ದಿನಾ ಆ ಮರದ ಕೆಳಗೆ ನಿಲ್ಲುತ್ತಿದ್ದೆ. ಜವರಮ್ಮ ಒಳಗಿನಿಂದಲೇ ನೋಡುತ್ತಿದ್ದರು.

ದಸರಾ ಮುಗಿದ ವಾರ ಬಿಸಿಲು ಬಿತ್ತು. ಭೂತಯ್ಯನೇ ಕೂಗಿದ್ದು. ಮರದ ತುದಿಯಲ್ಲಿ ಹೊಸದಾಗಿ ಹೊಲಿದ ಗೂಡು, ಅದರ ಕೆಳಗೆ ಇನ್ನೂ ಹೊಲಿಯುತ್ತಿದ್ದ ಮತ್ತೊಂದು. ಇರುವೆಗಳ ಬಾಯಲ್ಲಿ ಬಿಳಿ ಮರಿಗಳು ಅತ್ತಿಂದಿತ್ತ ಓಡಾಡುತ್ತಿದ್ದವು. ರಾಣಿ ಬದುಕಿದ್ದಳು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಜವರಮ್ಮ ಈ ವರ್ಷ ಚಟ್ನಿ ಬೇಡ ಎಂದರು. ಕುಯ್ಲು ಶುರುವಾಗುವ ಮುಂಚೆ, ಮಂಜು ಬಿದ್ದ ಒಂದು ಬೆಳಿಗ್ಗೆ ನಾನು ಹೋದಾಗ ಅವರು ಹಲಸಿನ ಬೊಡ್ಡೆಗೆ ಅಂಗೈ ಊರಿಕೊಂಡು ನಿಂತಿದ್ದರು. ಚಗಳಿಯ ಸಾಲು ಬೆರಳಿನ ಮೇಲೆ ಹತ್ತಿ, ಮಣಿಕಟ್ಟು ದಾಟಿ, ಇಳಿದು ಹೋಗುತ್ತಿತ್ತು. ಒಂದೂ ಕಚ್ಚಲಿಲ್ಲ.

"ಗುರುತು ಸಿಕ್ತು ಅಂತೀರಾ ಮೇಷ್ಟ್ರೇ?"

ಚಳಿಗೆ ಇರುವೆಗಳು ಮಂಕಾಗಿರುತ್ತವೆ. ಕೈ ಅಲ್ಲಾಡಿಸದಿದ್ದರೆ ಕಚ್ಚದೆಯೂ ಇರಬಹುದು. ಬೊಡ್ಡೆಗೆ ದಿನಾ ಕೈಯಿಟ್ಟು ಅವರ ಕೈಗೇ ಆ ವಾಸನೆ ಹತ್ತಿರಲೂಬಹುದು. ಯಾವುದೆಂದು ಹೇಳಲಿ?

"ನಂಗೆ ಗೊತ್ತಿಲ್ಲ ಜವರಮ್ಮ" ಎಂದೆ.

ಅವರು ಕೈ ತೆಗೆಯದೆ ನನ್ನ ಕಡೆ ತಿರುಗಿ ನಕ್ಕರು.

"ಇಷ್ಟು ಮಾತು ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲ ಮೇಷ್ಟ್ರೇ."