ಅಮ್ಮನಿಗೆ ಮಣ್ಣು ಹುಡುಕಿದ ದಿನ

ನಮ್ಮಮ್ಮನ ಪಾಸ್ಟರ್ ಮಹಾ ಮೊಂಡ ಮನುಷ್ಯ. ಅವರೂ ಈಗ ಇಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುತ್ತಾರಲ್ಲ, ಅದಕ್ಕೇ ಈ ಮಾತಿನಿಂದ ಶುರುಮಾಡಿದ್ದೇನೆ. ಆ ಮೊಂಡುತನದಷ್ಟು ಒಳ್ಳೆಯದನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಅವರ ಸಭೆ ಸೇರುತ್ತಿದ್ದದ್ದು ಬಿಳೇಕಹಳ್ಳಿಯ ಒಂದು ಬಾಡಿಗೆ ಮಹಡಿಯಲ್ಲಿ. ಕೆಳಗೆ ಮಾಲೀಕರ ಸಂಸಾರ. ಆ ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಸಭೆ ಅಂದರೆ ತಬಲ, ಚಪ್ಪಾಳೆ, ಬೀದಿಯ ತುದಿಗೂ ಕೇಳುವ ಸ್ತೋತ್ರ. ಮಾಲೀಕರ ತಾಯಿ ಹಾಸಿಗೆ ಹಿಡಿದದ್ದೇ ತಡ, ಪಾಸ್ಟರ್ ತಬಲ ಕಟ್ಟಿಟ್ಟರು. ಚಪ್ಪಾಳೆ ಬೇಡ, ಮೆತ್ತಗೆ ಹಾಡಿ ಅಂದರು. ಹಾಗೆ ಮಾಡಿ ಎಂದು ಮಾಲೀಕರೇನೂ ಕೇಳಿರಲಿಲ್ಲ. "ಇದೇನ್ ಪಾಸ್ಟರ್, ಸಾವಿನ ಮನೆ ಥರ," ಎಂದು ಗೊಣಗಿ ಕೆಲವರು ಬಿಟಿಎಂ ಬಡಾವಣೆ ಕಡೆ ಮೈಕ್ ಇದ್ದ ಇನ್ನೊಂದು ಸಭೆಗೆ ಹೊರಟುಹೋದರು. ಪಾಸ್ಟರ್ ತಡೆಯಲಿಲ್ಲ. ಆ ಅಜ್ಜಿ ತೀರಿಹೋಗುವ ತನಕ, ತಿಂಗಳುಗಟ್ಟಲೆ, ಪಿಸುದನಿಯಲ್ಲೇ ಆರಾಧನೆ ನಡೆಯಿತು.

ನಾನು ಆ ಸಭೆಗೆ ಸೇರಿದವಳಲ್ಲ. ಜಯನಗರದ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಭಾನುವಾರ ಅಮ್ಮನನ್ನು ಒಳಗೆ ಕಳಿಸಿ ಮೆಟ್ಟಿಲ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಅಮ್ಮ ಅರವತ್ತರ ಹತ್ತಿರ ಬಂದಾಗ, ನೆಂಟರೆಲ್ಲ ಬೇಡವೆಂದರೂ ಕೇಳದೆ, ಅದೇ ಕಟ್ಟಡದ ಟೆರೇಸಿನ ಸಿಮೆಂಟ್ ತೊಟ್ಟಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದಳು. ಮನೆಗೆ ಬಂದು ತಲೆ ಒರೆಸಿಕೊಳ್ಳುತ್ತಾ, "ನನ್ ಜೀವನದಲ್ಲಿ ನಾನೇ ಯೋಚ್ನೆ ಮಾಡಿ ಮಾಡಿದ ಕೆಲಸ ಇದೊಂದೇ ಕಣೇ," ಅಂದಳು. ಆಮೇಲೆ ನನ್ನಿಂದ ಮಾತು ತೆಗೆದುಕೊಂಡಳು: "ನನ್ನ ಸುಡಬೇಡ. ಮಣ್ಣು ಮಾಡು." ನಾನು ಹೂಂ ಅಂದಿದ್ದೆ.

ಅವಳು ಹೋದದ್ದು ಬೇಸಿಗೆಯ ಒಂದು ಬೆಳಿಗ್ಗೆ, ಜೆಪಿ ನಗರದ ನಮ್ಮ ಮನೆಯಲ್ಲಿ. ಸೋದರಮಾವ ಬಂದವರೇ, "ಸಂಜೆವರೆಗೂ ನೋಡ್ತೀನಿ. ಆಮೇಲೆ ಬನಶಂಕರಿಗೆ ತಗೊಂಡ್ ಹೋಗೋದೇ. ಅಲ್ಲಿ ಕರೆಂಟ್ ಚಿತಾಗಾರ ಇದೆ," ಅಂದರು. ಮಾವ ಕೆಟ್ಟವರಲ್ಲ, ಬಿಸಿಲು ಹಾಗಿತ್ತು. ಬಾಡಿಗೆ ಮಹಡಿಯ ಸಭೆಗೆ ಸ್ವಂತ ಸ್ಮಶಾನ ಎಲ್ಲಿಂದ ಬರಬೇಕು? ದೊಡ್ಡ ಚರ್ಚುಗಳಿಗೆ ಇತ್ತು. ಅವರು ತಮ್ಮ ಸದಸ್ಯರಿಗೆ ಮಾತ್ರ ಜಾಗ ಕೊಡುತ್ತಿದ್ದರು.

ಪಾಸ್ಟರ್ ಜೊತೆ ಅಂಥದೊಂದು ಚರ್ಚಿಗೆ ಹೋದೆ. ಅಲ್ಲಿನ ಕಾರ್ಯದರ್ಶಿ ಮೃದು ಸ್ವಭಾವದವರು. ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನೋಡಿ ಮೇಡಂ, ನಿಮ್ಮ ತಾಯಿಗೆ ಚಿಕ್ಕ ವಯಸ್ಸಲ್ಲೇ ನಮ್ಮ ಚರ್ಚಲ್ಲಿ ದೀಕ್ಷಾಸ್ನಾನ ಆಗಿತ್ತು ಅಂತ ಪಾಸ್ಟರ್ ಒಂದ್ ಮಾತು ಹೇಳ್ಲಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ನನಗೆ ಹೋದ ಜೀವ ಬಂದಂತಾಯಿತು. ಪಾಸ್ಟರ್ ಕೈ ಮುಗಿದರು. "ನಿಮ್ಮ ಮನಸ್ಸು ದೊಡ್ಡದು ಸಾರ್. ಆದ್ರೆ ಹಾಗೆ ಆಗಿಲ್ವಲ್ಲ," ಅಂದು ಎದ್ದೇಬಿಟ್ಟರು.

ಗೇಟಿನ ಹೊರಗೆ ಅವರ ಮೇಲೆ ಹರಿಹಾಯ್ದೆ. "ಒಂದೇ ಒಂದ್ ಮಾತು ಪಾಸ್ಟರ್! ನಿಮ್ಮ ಸತ್ಯ ನೀವಿಟ್ಕೊಳ್ಳಿ, ನಮ್ಮಮ್ಮನ್ನ ನಾನು ಎಲ್ಲಿಡ್ಲಿ?" ಆ ಸಿಟ್ಟು ನ್ಯಾಯವಾದದ್ದೇ, ಇವತ್ತಿಗೂ ಹಾಗೇ ಅನ್ನುತ್ತೇನೆ.

"ಯಾರ ಮಾತೂ ಕೇಳದೆ ಆ ತಾಯಿ ತೊಟ್ಟಿಗಿಳಿದ್ರು. ಅದು ಆಗೇ ಇಲ್ಲ ಅಂತ ನಾನು ಹೇಗೆ ಹೇಳ್ಲಿ?" ಅಂದರು. ಮೊಪೆಡ್ಡಿನ ಪೆಡಲ್ ತುಳಿಯುತ್ತಾ, "ನೀವು ಮನೆಗೆ ಹೋಗಿ ಸಿಸ್ಟರ್. ಸಂಜೆ ಒಳಗೆ ಮಣ್ಣು ಹುಡುಕ್ತೀನಿ."

ಮನೆಯಲ್ಲಿ ಅಮ್ಮನ ಸುತ್ತ ಇಟ್ಟ ಐಸ್ ಕರಗುತ್ತಿತ್ತು. ಮಾವ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದರು. ಅವರು ಶವದ ವ್ಯಾನಿಗೆ ಫೋನ್ ಮಾಡಲು ಎದ್ದಾಗ ನಾನು ಹೋಗಿ ಫೋನಿಗೆ ಅಡ್ಡವಾಗಿ ನಿಂತೆ. "ನನ್ನ ದಾಟ್ಕೊಂಡ್ ಮಾಡಿ ಮಾವ," ಅಂದೆ. ಅವರು ವಾಪಸ್ ಹೋಗಿ ಕುರ್ಚಿಯಲ್ಲಿ ಕೂತರು.

ಬಿಸಿಲು ಇಳಿಯುವ ಹೊತ್ತಿಗೆ ಮೊಪೆಡ್ ಬಂತು. ಅದರ ಹಿಂದೆ ಬಿಳೇಕಹಳ್ಳಿಯ ಮಾಲೀಕರ ಟೆಂಪೋ. ಎಲ್ಲ ಕಡೆ ಇಲ್ಲವೆನ್ನಿಸಿಕೊಂಡ ಪಾಸ್ಟರ್ ನಮ್ಮ ಮನೆಗೆಂದು ಸಭೆಯ ಜಮಖಾನ ತರಲು ಮಹಡಿಗೆ ಹೋಗಿದ್ದರಂತೆ. ಅವರ ಮುಖ ನೋಡಿ ಮಾಲೀಕರು ತಡೆದು ವಿಷಯ ಕೇಳಿದ್ದಾರೆ. ಈಗ ನಮ್ಮ ಬಾಗಿಲಲ್ಲಿ ನಿಂತು ಇನ್ನೂ ಬೈಯುತ್ತಲೇ ಇದ್ದರು.

"ಊರೆಲ್ಲಾ ಸುತ್ತೋ ಬದ್ಲು ನನ್ನ ಒಂದ್ ಮಾತು ಕೇಳಕ್ಕೆ ಏನಾಗಿತ್ತು ಅಯ್ನೋರೇ? ಗೊಟ್ಟಿಗೆರೆ ತೋಟದ ಮೂಲೇಲಿ ನಮ್ಮವ್ವ ಮಲಗವ್ಳೆ. ಪಕ್ಕದಲ್ಲೇ ಜಾಗ ಐತೆ."

"ನಿಮ್ಮನ್ನ ಕೇಳಿದ್ರೆ, ಮೆತ್ತಗೆ ಹಾಡಿದ್ದಕ್ಕೆ ಕೂಲಿ ಕೇಳಿದ ಹಾಗಾಗ್ತಿತ್ತು," ಅಂದರು ಪಾಸ್ಟರ್.

"ಕೂಲಿಯಂತೆ ಕೂಲಿ! ಮೊದ್ಲು ಎತ್ತಿ."

ಇದನ್ನು ಕೇಳಿ ನನಗೆ ಇನ್ನೊಮ್ಮೆ ಸಿಟ್ಟು ಬಂತು. ಕೈಗೆಟುಕುವ ಮಣ್ಣನ್ನು ಸಂಕೋಚಕ್ಕೆ ಬಿಟ್ಟು ಊರು ಅಲೆದಿದ್ದ ಈ ಮನುಷ್ಯನಿಗೆ ಏನನ್ನಬೇಕು? ಆದರೆ ಜಗಳಕ್ಕೆ ಹೊತ್ತಿರಲಿಲ್ಲ.

ತೋಟದ ಮೂಲೆಯ ನೆಲ ಸುಟ್ಟ ಇಟ್ಟಿಗೆಯಷ್ಟು ಗಟ್ಟಿ. ಗುಂಡಿ ತೋಡುವವರನ್ನು ಹುಡುಕಿಕೊಂಡು ಹೋಗಲು ಸಮಯವಿರಲಿಲ್ಲ. ಪಾಸ್ಟರ್ ಬಿಳಿ ಅಂಗಿಯ ತೋಳು ಮಡಿಸಿ ಹಾರೆ ಹಿಡಿದರು. ನಾನು ಸೆರಗು ಸಿಕ್ಕಿಸಿ ಗುದ್ದಲಿ ಎತ್ತಿಕೊಂಡೆ. "ಹೆಂಗಸ್ರು ಇಲ್ಲಿಗೆ ಬರೋದೇ ತಪ್ಪು, ಇನ್ನು ಗುಂಡಿ ತೋಡೋದುಂಟಾ?" ಅಂದರು ಮಾವ. ಪಾಸ್ಟರ್ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು. ಸ್ವಲ್ಪ ಹೊತ್ತು ನೋಡಿ, ಮಾವನೂ ಪಂಚೆ ಎತ್ತಿ ಕಟ್ಟಿ ಗುಂಡಿಗಿಳಿದರು.

ಕತ್ತಲಾಗುವ ಮೊದಲೇ ಪ್ರಾರ್ಥನೆ ಮುಗಿದು ಅಮ್ಮ ಮಣ್ಣಿಗೆ ಸೇರಿದಳು. ಎಲ್ಲರೂ ಟೆಂಪೋ ಕಡೆ ನಡೆದಾಗ, ಪಂಪಿನ ನೀರಲ್ಲಿ ಕೈ ತೊಳೆಯುತ್ತಿದ್ದ ಪಾಸ್ಟರ್ ಹತ್ತಿರ ಹೋದೆ. ಅಂಗೈಯ ಬೊಕ್ಕೆ ಒಡೆದು ರಕ್ತ ಬರುತ್ತಿತ್ತು. ನನ್ನ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ಮಣ್ಣು ಸಿಗದೇ ಹೋಗಿದ್ರೆ ಏನ್ ಮಾಡ್ತಿದ್ರಿ?"

"ಆ ಚರ್ಚಿಗೇ ವಾಪಸ್ ಹೋಗಿ ಆ ಮಾತು ಹೇಳ್ತಿದ್ದೆ. ಅವರನ್ನ ಸುಡೋಕಂತೂ ಬಿಡ್ತಿರ್ಲಿಲ್ಲ."

"ಮತ್ತೆ ಅದನ್ನ ಬೆಳಿಗ್ಗೇನೇ ಹೇಳೋದಕ್ಕೇನಾಗಿತ್ತು?"

"ಅಂಥ ಸುಳ್ಳು ಹೇಳಿದ್ಮೇಲೆ ಭಾನುವಾರ ಸಭೆ ಮುಂದೆ ಯಾವ ಮುಖ ಇಟ್ಕೊಂಡ್ ನಿಲ್ಲೋದು ಸಿಸ್ಟರ್? ಪಾಸ್ಟರ್ ಕೆಲಸ ಬಿಡ್ಬೇಕಾಗ್ತಿತ್ತು. ಮಣ್ಣು ಸಿಗದಿದ್ರೆ ಬಿಟ್ಟುಬಿಡೋದು ಅಂತ ಬೆಳಿಗ್ಗೆ ಗೇಟ್ ಹತ್ರ ನಿಮ್ಮ ಜೊತೆ ಮಾತಾಡ್ತಾನೇ ನಿರ್ಧಾರ ಮಾಡಿದ್ದೆ. ಅದಕ್ಕೇ ಸಂಜೆವರೆಗೂ ಹುಡುಕಿ ನೋಡೋಣ ಅಂತ."

ಬೆಳಿಗ್ಗೆಯಿಂದ ಒಂದು ಹನಿಯನ್ನೂ ಹಾಕದಿದ್ದ ನಾನು ಅಲ್ಲೇ, ಪಂಪಿನ ಪಕ್ಕ, ಬಿಕ್ಕಿ ಬಿಕ್ಕಿ ಅತ್ತೆ.